ಮಗಳ ಕುರ್ಚಿ

"ನನಗೆ ಕೋಪ ಬಂದಿದೆ ಅಂತ ನನಗೇ ಹೇಳ್ಕೊಡ್ತೀಯಾ? ಬಂದಿದೆ ಕಣಮ್ಮ! ಮೈಯೆಲ್ಲ ಉರೀತಿದೆ! ಅದನ್ನ ಹೇಳೋಕೆ ನೀನ್ಯಾಕೆ ಬೇಕು?"

ಕೂಗಿದವಳು ಸತ್ತವಳ ಮಗಳು. ಬಸ್ ಕಂಡಕ್ಟರು. ತುಂಬಿದ ಬಸ್ಸಿನ ಹಿಂಬಾಗಿಲಿನಿಂದ ಡ್ರೈವರನ ಕಿವಿಗೆ ಮುಟ್ಟುವ ದನಿ ಅದು. ನಡುಮನೆಗೆ ಅದು ಬಹಳ ಹೆಚ್ಚಾಯಿತು. ಎದುರಿಗಿದ್ದ ಕನ್ನಡಕದ ಹುಡುಗಿ ಅಂದದ್ದು ಇಷ್ಟೇ: "ನಿಮಗೆ ತುಂಬಾ ಕೋಪ ಬಂದಿರೋ ಹಾಗೆ ಕಾಣ್ತಿದೆ." ಅದು ಅವಳು ಕಲಿತ ಪಾಠ. ಎದುರಿನವರ ಮನಸ್ಸಿನಲ್ಲಿ ಇರುವುದನ್ನು ಕನ್ನಡಿ ಹಿಡಿದಂತೆ ಅವರಿಗೇ ತೋರಿಸಬೇಕು ಅಂತ. ಆ ಪಾಠ ಕಲಿಸಿದವಳು ಪಕ್ಕದಲ್ಲೇ, ಮಂಚದ ಮೇಲೆ, ಬಿಳಿ ಹೊದಿಕೆಯ ಕೆಳಗೆ ಮಲಗಿದ್ದಳು.

ಜಗಳ ಹುಟ್ಟಿದ್ದು ಕುರ್ಚಿಗಳಿಂದ. ಬಾಡಿಗೆ ಕುರ್ಚಿಗಳನ್ನು ಮಗಳು ಗೋಡೆಗೆ ಸಾಲಾಗಿ ಹಾಕಿಸಿದ್ದಳು. ಆಪ್ತಸಮಾಲೋಚಕರ ತರಬೇತಿ ಕೇಂದ್ರದಿಂದ ಬಂದವರು ಅವನ್ನೆಲ್ಲ ಎಳೆದು ಮಂಚದ ಸುತ್ತ ದುಂಡಗೆ ಇಟ್ಟುಕೊಂಡು ಕೂತರು. ಒಬ್ಬರ ಮುಖ ಒಬ್ಬರಿಗೆ ಕಾಣಬೇಕು ಅನ್ನುವುದು ಅವರ ತರಗತಿಯ ಪದ್ಧತಿ. ಕೂತವರು ಮಾತಾಡಲಿಲ್ಲ, ಅಳಲೂ ಇಲ್ಲ. ಮಗಳನ್ನೇ ನೋಡುತ್ತ ಮೆಲ್ಲಗೆ ತಲೆಯಾಡಿಸುತ್ತಿದ್ದರು.

"ನಾನೇನು ಪ್ರಶ್ನೆಪತ್ರಿಕೆಯಾ, ಎಲ್ಲ ಸೇರಿ ನನ್ನನ್ನೇ ಓದೋಕೆ?"

"ಬಿಡೇ, ಪಾಪ, ಅವರ ಕಸುಬು ಅದು," ಅಂದ ಸೋದರಮಾವ. "ನಿಮ್ಮಮ್ಮನೂ ಹಾಗೇ ಅಲ್ವಾ? ಒಂದ್ಸಲ ಚಪ್ಪಲಿ ಕಳೆದುಹೋಯ್ತು ಕಣೇ ಅಂದೆ. 'ಕಳೆದುಹೋದಾಗ ನಿನಗೆ ಏನನ್ನಿಸ್ತು?' ಅಂದ್ಳು. ಏನನ್ನಿಸುತ್ತೆ? ಕಾಲು ಸುಡ್ತು ಅನ್ನಿಸ್ತು!"

ಯಾರೋ ಕಿಸಕ್ಕನೆ ನಕ್ಕರು. ಮಗಳಿಗೂ ನಗು ಬಂತು. ಅದಕ್ಕೂ ಸಿಟ್ಟಾಗಿ ಎದ್ದು ಹಿತ್ತಲಿಗೆ ಹೋದಳು.

ನಲ್ಲಿ ತಿರುಗಿಸಿ ಮುಖಕ್ಕೆ ನೀರು ಎರಚಿಕೊಳ್ಳುವಾಗ ಕನ್ನಡಕದ ಹುಡುಗಿ ಹಿಂದೆಯೇ ಬಂದಳು.

"ಅಕ್ಕಾ, ತಪ್ಪಾಯ್ತು. ಹೊಸದಾಗಿ ಕಲಿತಿದೀನಲ್ಲ, ಬಾಯಿಗೆ ಅದೇ ಬಂದ್ಬಿಡುತ್ತೆ. ಮನೇಲಿ ಅಪ್ಪನೂ ಬೈತಾರೆ."

"ಬೈಯ್ಲಿ ಬಿಡು. ಹೋಗಿ ಕೂತ್ಕೋ."

ಹುಡುಗಿ ಹೋಗಲಿಲ್ಲ. ಸಮಾಧಾನ ಮಾಡದೆ ಹೋಗುವುದು ಅವಳಿಂದ ಆಗದ ಕೆಲಸ. "ಟೀಚರು ಎಷ್ಟು ಚೆನ್ನಾಗಿ ನಟಿಸೋರು ಗೊತ್ತಾ ಅಕ್ಕಾ? ನಮ್ಮ ಅಭ್ಯಾಸಕ್ಕೆ ಅಂತ ಅವರೇ ಕಷ್ಟ ಹೇಳ್ಕೊಳ್ಳೋಕೆ ಬಂದೋರ ಪಾತ್ರ ಮಾಡೋರು. ಕುಡುಕನ ಹೆಂಡ್ತಿ, ಕೆಲಸ ಕಳ್ಕೊಂಡ ಗುಮಾಸ್ತ, ಎಲ್ಲ. ಆದ್ರೆ ಆ ತಾಯಿ ಪಾತ್ರ ಮಾಡಿದ ದಿನ ನಮ್ಮ ಕೈಲಿ ಊಟ ಮಾಡೋಕಾಗ್ಲಿಲ್ಲ."

"ಯಾವ ತಾಯಿ?"

"ಮಗನಿಗೆ ಜ್ವರ. ಮಾತ್ರೆ ಮಗಳ ಕೈಲಿ ಕೊಟ್ಟು ಕೆಲಸಕ್ಕೆ ಹೋಗ್ತಾಳೆ. ಮಗಳು ಸ್ಕಿಪ್ಪಿಂಗ್ ಆಡ್ತಾ ಮರೀತಾಳೆ. ಆಮೇಲೆ ಹೆದರ್ಕೊಂಡು ಮಾತ್ರೇನ ಹೊಲಿಗೆ ಮಿಷನ್ ಖಾನೆಯಲ್ಲಿ ಬಚ್ಚಿಡ್ತಾಳೆ. ಎಂಥ ಕಲ್ಪನೆ ನೋಡಿ ಅಕ್ಕಾ! ಹೊಲಿಗೆ ಮಿಷನ್ ಖಾನೆ!"

ನಲ್ಲಿ ಸುರಿಯುತ್ತಲೇ ಇತ್ತು. ಬಕೆಟ್ಟು ತುಂಬಿ ಮಗಳ ಕಾಲ ಮೇಲೆ ಹರಿಯಿತು.

*

ಆಗ ತಾಯಿ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸದಲ್ಲಿದ್ದಳು. ರಜೆ ಸಿಗದೆ, ಬಾಗಿಲಲ್ಲಿ ನಿಂತು ಹೇಳಿದ್ದಳು: "ಮಧ್ಯಾಹ್ನ ಮರೀದೇ ಕೊಡು. ದೊಡ್ಡವಳು ನೀನು."

ದೊಡ್ಡವಳಿಗೆ ಇನ್ನೂ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ. ಬೀದಿಯ ಹುಡುಗಿಯರು ಹಗ್ಗ ತಿರುಗಿಸುತ್ತಿದ್ದರು. ಆಡಿ ಒಳಗೆ ಬಂದಾಗ ಬಿಸಿಲು ಇಳಿದಿತ್ತು. ತಮ್ಮನ ಮೈ ಕಾದ ಹೆಂಚಾಗಿತ್ತು. ತಡವಾಗಿ ಕೊಟ್ಟರೆ ಏನಾಗುವುದೋ ಅನ್ನುವ ಭಯಕ್ಕೆ ಮಾತ್ರೆಯನ್ನು ಖಾನೆಯೊಳಗೆ, ನೂಲುಂಡೆಗಳ ಹಿಂದೆ ತಳ್ಳಿದಳು. ತಾಯಿ ಬಂದು ಕೇಳಿದಾಗ "ಕೊಟ್ಟೆ" ಅಂದಳು. ಬೆಳಗಾಗುವ ಹೊತ್ತಿಗೆ ಆಸ್ಪತ್ರೆಯಲ್ಲಿ ತಮ್ಮ ಹೋಗಿಬಿಟ್ಟಿದ್ದ. ಕೆಲವು ದಿನ ಬಿಟ್ಟು ಖಾನೆ ನೋಡಿದರೆ ಮಾತ್ರೆ ಇರಲಿಲ್ಲ. ಇಲಿ ತಿಂದಿರಬೇಕು ಅಂದುಕೊಂಡಳು. ಮದುವೆಯಾಗಿ, ಗಂಡನನ್ನು ಬಿಟ್ಟು, ಕೆಲಸಕ್ಕೆ ಸೇರಿ, ತಲೆ ನರೆತರೂ ಇಲಿಯನ್ನೇ ನಂಬಿದ್ದಳು.

ತಾಯಿ ಬೈಯಲಿಲ್ಲ, ಹೊಡೆಯಲಿಲ್ಲ, ಆ ಸುದ್ದಿ ಎತ್ತಲೂ ಇಲ್ಲ. ಆಸ್ಪತ್ರೆ ಕೆಲಸ ಬಿಟ್ಟು ಆಪ್ತಸಮಾಲೋಚನೆಯ ತರಬೇತಿಗೆ ಸೇರಿದಳು. ಬಾಯಿ ಮುಚ್ಚಿಕೊಂಡು ಕೇಳುವುದನ್ನೇ ಅಲ್ಲಿ ತಿಂಗಳುಗಟ್ಟಲೆ ಕಲಿಸುತ್ತಿದ್ದರು. ಕಲಿತಳು. ಆಮೇಲೆ ಅಲ್ಲೇ ಕಲಿಸುವವಳಾದಳು.

ಒಂದು ಸಲ, ಮಗಳಿಗೆ ಕೆಲಸ ಸಿಕ್ಕ ಹೊಸತರಲ್ಲಿ, ಇಬ್ಬರೂ ಒಗೆದ ಸೀರೆಯ ತುದಿ ಹಿಡಿದು ಮಡಿಸುತ್ತಿದ್ದರು. "ಅಮ್ಮಾ, ತಮ್ಮನ ವಿಷಯ ಒಂದು ಹೇಳ್ಬೇಕು ನಿನ್ಹತ್ರ," ಅಂದಳು ಮಗಳು.

ತಾಯಿಯ ಕೈ ನಿಂತಿತು. ಆಮೇಲೆ, ಕೇಂದ್ರದಲ್ಲಿ ಪಾಠ ಹೇಳುವ ದನಿ ಬಂತು: "ನಮ್ಮ ಮನೆಯವರಿಗೆ ನಾವು ಸಮಾಲೋಚಕರಾಗಿ ಕೂರಬಾರದು, ನಿಯಮ ಇದೆ. ನಮ್ಮ ಮೇಡಂ ಹತ್ರ ಕಳಿಸ್ತೀನಿ. ತುಂಬಾ ಒಳ್ಳೆಯವರು."

"ನಾನು ಸಮಾಲೋಚಕಿ ಹತ್ರ ಅಲ್ಲ ಮಾತಾಡ್ತಿರೋದು. ಅಮ್ಮನ ಹತ್ರ."

ತಾಯಿ ಸೀರೆಯನ್ನು ಮಡಿಸಿ ಕಪಾಟಿನಲ್ಲಿಟ್ಟು ಕೇಂದ್ರಕ್ಕೆ ಹೊರಟುಹೋದಳು. ಮಗಳು ಆ ಮಾತನ್ನು ಮತ್ತೆ ಎತ್ತಲಿಲ್ಲ.

*

"ಆ ತಾಯಿ ಮಗಳಿಗೆ ಏನಂದ್ಲು?" ಮಗಳು ಕೇಳಿದಳು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಹುಡುಗಿ ಬಗ್ಗಿ ಕೇಳಬೇಕಾಯಿತು.

"ಅದೇ ಪಾಠ ಅಕ್ಕಾ. ಎದುರಿಗೆ ಖಾಲಿ ಕುರ್ಚಿ ಇಡ್ತೀವಿ. ಮಗಳು ಅಲ್ಲಿ ಕೂತಿದಾಳೆ ಅಂದ್ಕೊಂಡು ಮನಸ್ಸಲ್ಲಿರೋದನ್ನ ಹೇಳಿಬಿಡಿ ಅಂತೀವಿ. ಟೀಚರಿಗೆ ಖಾಲಿ ಕುರ್ಚಿ ಜೊತೆ ಮಾತಾಡೋಕಾಗ್ತಿರಲಿಲ್ಲ. ಪ್ರತಿ ತಂಡದಲ್ಲೂ ಒಬ್ಬಳನ್ನ ಮಗಳು ಮಾಡಿ ಕೂರಿಸೋರು. ನಮ್ಮ ತಂಡದಲ್ಲಿ ನನ್ನನ್ನ."

"ಸಾಕು!"

ಕೇಂದ್ರದ ಮೇಡಂ ಬಾಗಿಲಲ್ಲಿ ನಿಂತಿದ್ದರು. ತಾಯಿಯ ಹಳೇ ಗೆಳತಿ. "ಅಭ್ಯಾಸದ ಕೋಣೆಯ ಮಾತು ಆ ಕೋಣೆಯಲ್ಲೇ ಇರಬೇಕು. ಮೊದಲ ದಿನವೇ ಹೇಳಿಕೊಟ್ಟಿದ್ದಲ್ವಾ?"

"ಪಾತ್ರ ಅಲ್ವಾ ಮೇಡಂ, ನಿಜವಾದವರ ಕತೆ ಅಲ್ವಲ್ಲ…" ಹುಡುಗಿ ಮಗಳ ಕಡೆ ತಿರುಗಿದಳು. ಅವಳ ಮುಖ ನೋಡಿದಳು. ಕೈ ತಾನಾಗಿ ಬಾಯಿಗೆ ಹೋಯಿತು.

"ನಿಮಗೆ ಗೊತ್ತಿತ್ತಾ?" ಮಗಳು ಮೇಡಂ ಅನ್ನು ಕೇಳಿದಳು.

"ಅವಳಿಗೆ ನೀನಂದ್ರೆ ಪ್ರಾಣ ಕಣಮ್ಮ," ಅಂದರು ಮೇಡಂ.

"ಪ್ರಾಣ ಇಟ್ಕೊಂಡು ನಾನೇನು ಮಾಡ್ಲಿ? ನನಗೆ ಮಾತು ಬೇಕಿತ್ತು!" ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಗಳು ಕೂತಳು. "ಏ ಹುಡುಗಿ, ಬಾ ಇಲ್ಲಿ. ನಿನಗೆ ಹೇಳಿದ್ದನ್ನ ಹಾಗೇ ಹೇಳು."

"ಬೇಡ. ಹೇಳಿದ್ರೆ ನಿನಗೆ ಸರ್ಟಿಫಿಕೇಟ್ ಕೊಡೋದು ಕಷ್ಟ ಆಗುತ್ತೆ," ಅಂದರು ಮೇಡಂ.

ಹುಡುಗಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಮತ್ತೆ ಹಾಕಿಕೊಂಡಳು. ಒದ್ದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಮಗಳ ಎರಡೂ ಕೈ ಹಿಡಿದಳು. "ಹೀಗೇ ಹಿಡ್ಕೊಂಡಿದ್ರು," ಅಂದಳು. ಆಮೇಲೆ ತನ್ನದಲ್ಲದ ದನಿಯಲ್ಲಿ, ತಡೆದು ತಡೆದು ಹೇಳಿದಳು:

"ಮಗಾ, ಮಾತ್ರೆ ನನಗೆ ಸಿಕ್ತು. ಅದನ್ನ ನುಂಗಿದ್ರೂ ಅವನು ಉಳೀತಿರಲಿಲ್ಲ. ಡಾಕ್ಟರು ಅವತ್ತೇ ಹೇಳಿದ್ರು. ಅಷ್ಟನ್ನ ನಿನಗೆ ಹೇಳ್ಬೇಕು ಅಂತ ದಿನಾ ಏಳ್ತೀನಿ. ನಿನ್ನ ಮುಖ ನೋಡಿದ್ರೆ 'ಯಾಕೆ ಕೊಡಲಿಲ್ಲ' ಅಂತ ಬಾಯಿಂದ ಬಂದ್ಬಿಡುತ್ತೇನೋ ಅಂತ ಭಯ. ಒಂದ್ಸಲ ಬಂದ್ರೆ ವಾಪಸ್ ತಗೊಳ್ಳೋಕಾಗುತ್ತಾ? ಸಣ್ಣ ಹುಡುಗಿ ಕೈಗೆ ಅವನನ್ನ ಕೊಟ್ಟು ಹೋದವಳು ನಾನಲ್ವಾ? ನಿನ್ನದೇನೂ ತಪ್ಪಿಲ್ಲ, ಮಗಾ."

ಮಗಳು ಅಳಲಿಲ್ಲ. ಆ ಹುಡುಗಿಯ ಬೆರಳುಗಳನ್ನು ನೋಡಿದಳು.

"ಪ್ರತಿ ತಂಡಕ್ಕೂ ಹೇಳಿದ್ಲಾ?"

"ಹೂಂ ಅಕ್ಕಾ."

"ಎಲ್ಲರ ಕೈನೂ ಹೀಗೇ ಹಿಡ್ಕೊಂಡು?"

ಹುಡುಗಿ ತಲೆಯಾಡಿಸಿದಳು. ಮಗಳು ಕೈ ಬಿಡಿಸಿಕೊಂಡು ಎದ್ದಳು.

ಹೊರಗೆ ಗಾಡಿ ಬಂದಿತ್ತು. ನಡುಮನೆಯಲ್ಲಿ ಕುರ್ಚಿಯವರೆಲ್ಲ ಎದ್ದು ನಿಂತಿದ್ದರು. ಮಗಳು ಒಬ್ಬೊಬ್ಬ ಹೆಂಗಸಿನ ಮುಖವನ್ನೂ ನೋಡಿದಳು. ನರೆತವರು, ಬಸುರಿ, ಇನ್ನೂ ಮೊಡವೆ ಆರದವಳು. ಇವರಲ್ಲಿ ಯಾರ್ಯಾರು ಅಮ್ಮನ ಎದುರು ಕೂತಿದ್ದರೋ. ಮಂಚದ ಹತ್ತಿರ ಬಂದು ಹೊದಿಕೆಯ ಕೆಳಗಿನ ಕೈ ಮುಟ್ಟಿದಳು. ಅದು ಮಡಿಸಿಕೊಂಡ ಹಾಗೇ ಸೆಟೆದಿತ್ತು.

"ಬಾರೇ, ನೀನು ಮುಂದೆ ಕೂರ್ಬೇಕು," ಅಂದ ಸೋದರಮಾವ. "ಮಗಳು ನೀನು."

"ಅವಳ ಹೆಣ್ಣುಮಕ್ಕಳೆಲ್ಲ ಬಂದಿದಾರಲ್ಲ ಮಾವ. ಅವರನ್ನೇ ಕೂರಿಸ್ಕೊಂಡು ಹೋಗು."

"ಏನೇ ಮಾತು ಇದು? ಬುದ್ಧಿಗಿದ್ಧಿ ಕೆಟ್ಟಿದೆಯಾ? ಏ! ನಿಲ್ಲೇ!"

ಮಗಳು ಮೆಟ್ಟಿಲಿಳಿದು, ಗಾಡಿಯ ತೆರೆದ ಬಾಗಿಲನ್ನು ದಾಟಿ, ಬೀದಿಗೆ ಹೋದಳು. ಮಾವ ಕರೆಯುತ್ತಲೇ ಇದ್ದ. ತಿರುವಿನಲ್ಲಿ ಅವನ ದನಿ ಕೇಳಿಸದಾಯಿತು. ದೊಡ್ಡ ರಸ್ತೆಯಲ್ಲಿ ಬಸ್ಸೊಂದು ನಿಂತಿತ್ತು. ಎಲ್ಲಿಗೆ ಹೋಗುವುದೆಂದು ಬೋರ್ಡು ನೋಡಲಿಲ್ಲ, ಹತ್ತಿದಳು.

"ಇದೇನ್ರೀ ಮೇಡಂ, ಸೀಟಲ್ಲಿ ಕೂರ್ತಿದೀರಾ ಇವತ್ತು?" ಪರಿಚಯದ ಕಂಡಕ್ಟರು ನಗುತ್ತ ಬಂದವನು ಮುಖ ನೋಡಿ ಮುಂದಕ್ಕೆ ಹೋದ.

ಕಿಟಕಿಯ ಪಕ್ಕ ಯಾರೋ ಹೆಂಗಸು, ತೊಡೆಯ ಮೇಲೆ ತರಕಾರಿ ಚೀಲ ಇಟ್ಟುಕೊಂಡು ತೂಕಡಿಸುತ್ತಿದ್ದಳು. ಊರು ಹಿಂದಾಯಿತು. ಬಸ್ಸು ಖಾಲಿಯಾಗುತ್ತ ಬಂತು.

"ನನಗೊಬ್ಬ ತಮ್ಮ ಇದ್ದ," ಅಂದಳು ಮಗಳು.

ಹೆಂಗಸಿಗೆ ಎಚ್ಚರವಾಯಿತು. ಪಕ್ಕದವಳನ್ನು ಒಂದು ಗಳಿಗೆ ನೋಡಿದಳು. ಚೀಲವನ್ನು ತೊಡೆಯಿಂದ ಕೆಳಗಿಳಿಸಿ, ಕಾಲುಗಳ ನಡುವೆ ಒತ್ತಿ ನಿಲ್ಲಿಸಿ, ಅವಳ ಕಡೆಗೆ ತಿರುಗಿ ಕೂತಳು.