ಮೂಗುತಿಯ ಫೋಕಸ್

ಕೊಂಡಾಪುರದಲ್ಲಿ ಕಾಶಿನಾಥನ ಸ್ಟುಡಿಯೋದ ಗಾಜಿನೊಳಗೆ ನನ್ನ ಹೆಂಡತಿ ವಾಸಂತಿ ನಗುತ್ತಿದ್ದಳು. ಎರಡಡಿ ಅಗಲ, ಮೂರಡಿ ಎತ್ತರ. ನಾನು ರಸ್ತೆಯ ಈಚೆ, ಚಹಾದಂಗಡಿಯ ಮರೆಯಲ್ಲಿ ನಿಂತಿದ್ದೆ. ಅಲ್ಲಿಗೇಕೆ ಹೋಗಿದ್ದೆ ಎಂದು ಕೇಳಿದರೆ ಹೇಳಿಬಿಡುತ್ತೇನೆ, ಮುಚ್ಚುಮರೆ ಯಾಕೆ. ಹಿಮಾಯತ್‌ನಗರದಿಂದ ಎರಡು ಬಸ್ಸು ಹತ್ತಿ ಇಳಿದು, ನನ್ನ ಹಳೆಯ ಶಿಷ್ಯನ ಅಂಗಡಿಗೆ ಎಷ್ಟು ಗಿರಾಕಿಗಳು ಬರುತ್ತಾರೆಂದು ಎಣಿಸಲು ಹೋಗಿದ್ದೆ.

ಇದು ಎರಡು ಸಾವಿರದ ಏಳನೆಯ ಇಸವಿ. ಊರಿನ ಆ ಕಡೆಗೆಲ್ಲ ಕಂಪನಿಗಳು ಏಳುತ್ತಿವೆ. ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು ಮದುವೆಯ ವೆಬ್‌ಸೈಟಿಗೆ ಹಾಕುವ ಫೋಟೋಕ್ಕಾಗಿ ಅವನ ಮೆಟ್ಟಿಲ ಮೇಲೆ ಸಾಲು ನಿಂತಿದ್ದರು. ಇಪ್ಪತ್ತೆಂಟು ವರ್ಷ ತೆಲುಗರ ಈ ಊರಿನ ಕನ್ನಡದವರ ಮನೆಯ ಹೆಣ್ಣುಮಕ್ಕಳ ಫೋಟೋ ಎಂದರೆ ಉಪೇಂದ್ರನ, ಅಂದರೆ ನನ್ನ, ಸ್ಟುಡಿಯೋ ಎಂದೇ ಇತ್ತು. 'ಉಪೇಂದ್ರ ಫೋಟೋ ತೆಗೆದ ಹುಡುಗಿಗೆ ಎರಡನೇ ವರ ನೋಡುವುದು ಬೇಡ' ಎಂದು ಜನ ಹೇಳುತ್ತಿದ್ದರು. ಅದನ್ನು ಮೊದಲು ಹೇಳಿದವನು ನಾನೇ ಇರಬಹುದು, ಆದರೆ ಆಮೇಲೆ ಜನವೂ ಹೇಳಿದರು.

ಈ ಕಾಶಿನಾಥ ಒಂಬತ್ತು ವರ್ಷ ನನ್ನ ಕೈಕೆಳಗೆ ಇದ್ದವನು. ಯಾದಗಿರಿ ಕಡೆಯಿಂದ ಕೂಲಿಗೆ ಬಂದ ಅವನ ತಾಯಿ ಗದಿಗೆಮ್ಮ ಸಿಮೆಂಟು ಬುಟ್ಟಿ ಹೊತ್ತ ಕಟ್ಟಡದಲ್ಲೇ ಈಗ ಮಗನ ಸ್ಟುಡಿಯೋ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಉದ್ಘಾಟನೆಗೆ ಕರೆಯಲು ಬಂದಾಗ ಜ್ವರವೆಂದು ಮಲಗಿದೆ. ವಾಸಂತಿ ಒಬ್ಬಳೇ ಅರಿಸಿನ ಕುಂಕುಮಕ್ಕೆ ಹೋಗಿ ಬಂದಳು. ಪೇಢೆ ತಂದಿದ್ದಳು. ಫೋಟೋ ತೆಗೆಸಿಕೊಂಡೆ ಎಂದು ಮಾತ್ರ ಹೇಳಿರಲಿಲ್ಲ.

ಆ ಫೋಟೋದಲ್ಲಿ ಅವಳ ಒಂದೊಂದು ರೆಪ್ಪೆಯೂ ಕಾಣುತ್ತಿತ್ತು. ಹಿಂದಿನ ಗೋಡೆ ಬೆಣ್ಣೆಯ ಹಾಗೆ ಕರಗಿಹೋಗಿತ್ತು. ಕಣ್ಣುಗಳಲ್ಲಿ ನಗು ತುಂಬಿ, ಇನ್ನೇನು ಚೆಲ್ಲುವಂತಿತ್ತು. ಅಂಥ ನಗುವನ್ನು ನಾನು ಯಾವ ಫೋಟೋದಲ್ಲೂ ಹಿಡಿದಿಲ್ಲ ಎಂಬುದು ಮೊದಲು ಹೊಳೆಯಿತು. ಆಮೇಲೆ ಇನ್ನೊಂದು ಕಂಡಿತು. ಅವಳ ಮೂಗು ಬರಿದಾಗಿತ್ತು. ಮದುವೆಯ ದಿನದಿಂದ ಆ ಏಳು ಹರಳಿನ ಮೂಗುತಿ ಇಳಿದದ್ದನ್ನು ನಾನು ನೋಡಿಲ್ಲ. ಅವನ ಕ್ಯಾಮೆರಾದ ಮುಂದೆ ತೆಗೆದಿಟ್ಟು ಕೂತಿದ್ದಾಳೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಬಳಿ ಜಾಗ ಸಿಕ್ಕರೂ ಮೈಯೆಲ್ಲ ಉರಿ. ಮೂಗುತಿಯ ವಿಷಯ ಯೋಚಿಸಲು ಧೈರ್ಯವಾಗದೆ ಲೆನ್ಸಿನ ವಿಷಯ ಯೋಚಿಸಿದೆ. ಕಾಶಿನಾಥ ಹೊಸ ಪೋರ್ಟ್ರೇಟ್ ಲೆನ್ಸ್ ಕೊಂಡಿದ್ದು ನಮ್ಮ ಕಸುಬಿನವರಿಗೆಲ್ಲ ಗೊತ್ತಿತ್ತು. ನನ್ನದು ಒಂದು ದಶಾಂಶ ಎಂಟು, ಅವನದು ಒಂದು ದಶಾಂಶ ಎರಡು. ಈ ಅಂಕಿ ಕಿರಿದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು, ಬೆಳಕು ಧಾರಾಳ, ಹಿನ್ನೆಲೆ ಮಂಜು. ಸರಿ, ಎಲ್ಲ ಅದರ ಮಹಿಮೆ ಎಂದುಕೊಂಡೆ. ಕೈ ನನ್ನದೇ ಮೇಲು, ಗಾಜು ಅವನದು ಮೇಲು. ಅದನ್ನು ನಾನೂ ಕೊಂಡರೆ ಅವನ ಆಟ ಮುಗಿಯಿತು. ಆದರೆ ಅದರ ಬೆಲೆಗೆ ಒಂದು ಸ್ಕೂಟರ್ ಬರುತ್ತಿತ್ತು, ಮೇಲಾಗಿ ಶಿಷ್ಯನನ್ನು ನೋಡಿ ಗುರು ಕೊಂಡನೆಂದು ಊರು ನಗುತ್ತಿತ್ತು. ಕೊನೆಗೆ ಕೋಠಿ ಬಜಾರಿನ ಪರಿಚಯದ ಕ್ಯಾಮೆರಾ ಅಂಗಡಿಯವನಿಂದ ಸೋಮವಾರ ತಿರುಗಿ ಕೊಡುವ ಮಾತಿನ ಮೇಲೆ ಒಂದನ್ನು ಪರೀಕ್ಷೆಗೆಂದು ತಂದೆ.

ಭಾನುವಾರ ಬೆಳಿಗ್ಗೆ ವಾಸಂತಿಯನ್ನು ನನ್ನ ಸ್ಟುಡಿಯೋಕ್ಕೆ ಕರೆದುಕೊಂಡು ಹೋದೆ. ಗಾಜಿನೊಳಗಿನ ಫೋಟೋ ನೋಡಿದೆನೆಂದು ಹೇಳಲಿಲ್ಲ. ಅವಳು ಹೇಳುತ್ತಾಳೇನೋ ಎಂದು ಕಾದೆ. ಅವಳೂ ಹೇಳಲಿಲ್ಲ. ಮೂಗುತಿ ಇತ್ತು.

ಇಲ್ಲಿ ನನ್ನ ಕಸುಬಿನ ಒಂದು ಗುಟ್ಟು ಹೇಳಬೇಕು. ನಾನು ಯಾವತ್ತೂ ಫೋಕಸ್ ಮಾಡುವುದು ಮೂಗುತಿಗೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆಲ್ಲ ಅದು ಇದ್ದೇ ಇರುತ್ತದೆ, ಮಂದ ಬೆಳಕಲ್ಲೂ ಮಿಂಚುತ್ತದೆ. ಕ್ಯಾಮೆರಾದ ಕಿಂಡಿಯಲ್ಲಿ ಆ ಮಿಂಚು ಚುಕ್ಕೆಯಾಗುವ ತನಕ ಲೆನ್ಸಿನ ಉಂಗುರ ತಿರುಗಿಸಿ, ಬಾಯಿ ಒಂದಿಷ್ಟು ಕಿರಿದು ಮಾಡಿ ಒತ್ತಿದರೆ ಮುಖವೆಲ್ಲ ಸ್ಪಷ್ಟ. ಕಾಶಿನಾಥನಿಗೂ ಇದನ್ನೇ ಕಲಿಸಿದ್ದೆ.

ಈಗ ಬಾಯಿ ಪೂರ್ತಿ ತೆರೆದು ಹನ್ನೆರಡು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ನೋಡಿದೆ. ಹನ್ನೆರಡರಲ್ಲೂ ಮೂಗುತಿಯ ಏಳು ಹರಳನ್ನೂ ಎಣಿಸಬಹುದಿತ್ತು. ಹಿಂದಿದ್ದ ಕಣ್ಣುಗಳು ಮಾತ್ರ ಮಂಜು ಮಂಜು. ಈ ಲೆನ್ಸಿಗೆ ಒಂದು ಬೆರಳಿನಷ್ಟು ಹಿಂದೆ ಸರಿದರೂ ಸಹನೆಯಿಲ್ಲ. ನನಗೆ ಅದು ಹೊಳೆಯಲಿಲ್ಲ. ಇದು ಕೆಟ್ಟ ಮಾಲು, ಒಳ್ಳೆಯದನ್ನು ಕಾಶಿನಾಥ ಆರಿಸಿಕೊಂಡು ಹೋಗಿದ್ದಾನೆ ಎಂದು ಕೂಗಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ವಾಸಂತಿ ಎದ್ದು ಬಂದು ಆ ಫೋಟೋಗಳನ್ನು ನೋಡಿದಳು. ಎರಡು ಕೈಯಿಂದ ಮೂಗುತಿಯನ್ನು ತಿರುವಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು. ಈಗ ತೆಗೆಯಿರಿ ಎಂದಳು.

ಅದುಮಿಟ್ಟದ್ದೆಲ್ಲ ಆಗ ಹೊರಬಂತು.

"ಅಂವನ ಮುಂದೂ ಹಿಂಗೇ ಬಿಚ್ಚಿ ಕೊಟ್ಟಿಯೇನು?"

ಅವಳು ನನ್ನನ್ನು ನೋಡಿದಳು. ಸಿಟ್ಟಾಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ನಾನು ಕೊಂಡಾಪುರಕ್ಕೆ ಹೋಗಿ ಮರೆಯಲ್ಲಿ ನಿಂತದ್ದು ತನಗೆ ಗೊತ್ತೆಂದಳು. ಚಹಾದಂಗಡಿಯ ಹಿಂದೆ ನಿಂತ ನನ್ನನ್ನು ಕಾಶಿನಾಥ ಮೇಲಿನಿಂದ ನೋಡಿ, ಮಾಸ್ತರರು ಒಳಗೇಕೆ ಬರಲಿಲ್ಲವೆಂದು ಫೋನು ಮಾಡಿ ಕೇಳಿದ್ದನಂತೆ.

"ಅಂವ ಕೇಳಲಿಲ್ರಿ, ನಾನೇ ತಗದೆ," ಎಂದಳು. "ಮೊದಲಿನ ಮೂರು ಫೋಟೋ ಹಿಂಗೇ ಬಂದಿದ್ವು. 'ಅಕ್ಕಾರ, ಮಾಸ್ತರ್ ಕಲಿಸಿದ ಚಟ ಐತ್ರಿ, ಮೂಗುತಿ ಇತ್ತಂದ್ರ ನನ್ನ ಕಣ್ಣು ಅಲ್ಲೇ ಹೋಗಿ ಕುಂದರತಾವು' ಅಂತ ನಕ್ಕ. ನನಗೂ ಒಮ್ಮೆ ಕಾಣಬೇಕು ಅನಿಸ್ತು. ಇಷ್ಟು ವರ್ಷ ನಿಮ್ಮ ಫೋಟೋದಾಗ ಮೂಗುತಿನೇ ಕಾಣತದ."

ಅವಳನ್ನು ಕೂರಿಸಿ ಮತ್ತೆ ಕ್ಯಾಮೆರಾ ಎತ್ತಿದೆ. ಹಿಡಿಯಲು ಮಿಂಚಿಲ್ಲದೆ ಕಿಂಡಿಯಲ್ಲಿ ತಡಕಾಡಿದೆ. ಕೊನೆಗೆ ಎಡಗಣ್ಣಿನ ರೆಪ್ಪೆ ಸಿಕ್ಕಿತು. ಆರು ಫೋಟೋ ತೆಗೆದು, ಫೋಟೋಗಳು ಕೂರುವ ಕಾರ್ಡನ್ನು ಕ್ಯಾಮೆರಾದಿಂದ ಬಿಚ್ಚಿ ಕಂಪ್ಯೂಟರಿಗೆ ಹಾಕಿದೆ. ಲೆನ್ಸಿನದು ತಪ್ಪೇನೂ ಇರಲಿಲ್ಲ. ಕಾಶಿನಾಥನದಕ್ಕಿಂತ ಒಂದು ತೂಕ ಹೆಚ್ಚೇ ಸ್ಪಷ್ಟವಾಗಿ ಬಂದಿದ್ದವು.

ಕಣ್ಣುಗಳಲ್ಲಿ ಮಾತ್ರ ಏನೂ ಇರಲಿಲ್ಲ. ಡಾಕ್ಟರರ ಕೋಣೆಯ ಹೊರಗೆ ತನ್ನ ಸರದಿ ಕಾಯುತ್ತ ಕೂತ ಹೆಂಗಸಿನ ಕಣ್ಣು. ಈ ಲೆನ್ಸು ಅದನ್ನು ರೆಪ್ಪೆ ರೆಪ್ಪೆಯಾಗಿ ತೋರಿಸಿತು. ಅಲ್ಲಿಗೆ ಬೆಲೆಯ ಲೆಕ್ಕ, ಊರ ನಗೆ ಎಲ್ಲ ಮರೆತುಹೋದವು. ಕಾಶಿನಾಥನಿಗೆ ಸಿಕ್ಕ ನಗು ನನಗೆ ಸಿಗಲಿಲ್ಲ ಎಂಬುದೊಂದೇ ಉಳಿಯಿತು.

"ಅಂವ ಏನಂದ, ಹಂಗ ನಕ್ಕಿ?" ಎಂದು ಕೇಳಿಯೇಬಿಟ್ಟೆ.

ಹೇಳುತ್ತೇನೆ, ನೀವು ಕ್ಯಾಮೆರಾ ಹಿಡಿಯಿರಿ ಎಂದಳು. ಹಿಡಿದೆ. ನನ್ನ ಮುಖ ಅದರ ಹಿಂದೆ ಅಡಗಿದ್ದು ಒಳ್ಳೆಯದೇ ಆಯಿತು.

ಕಾಶಿನಾಥ ಕೇಳಿದ್ದು ಇಷ್ಟೇ: ಮಾಸ್ತರರು ನಿಮ್ಮ ಮೊದಲ ಫೋಟೋ ಎಲ್ಲಿ ತೆಗೆದರು? ಅವಳು ಹೇಳಿದ್ದಳು, ಪಬ್ಲಿಕ್ ಗಾರ್ಡನ್‌ನಲ್ಲಿ, ಮದುವೆಯಾದ ಎಂಟನೆಯ ದಿನ. ಆ ದಿನದ ಹೆಸರು ಕೇಳುತ್ತಲೇ ನನ್ನ ಕಿವಿ ಬಿಸಿಯಾಯಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳನ್ನು ಕಾರಂಜಿಯ ಬಳಿ, ಬೇವಿನ ಕೆಳಗೆ, ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೋ ತೆಗೆದಿದ್ದೆ. ಮನೆಗೆ ಬಂದು ಕ್ಯಾಮೆರಾ ತೆರೆದರೆ ಒಳಗೆ ಫಿಲ್ಮೇ ಇರಲಿಲ್ಲ. ಲ್ಯಾಬಿನವನು ಕೆಡಿಸಿದ ಎಂದು ಅವಳಿಗೆ ಸುಳ್ಳು ಹೇಳಿದ್ದೆ. ಇಪ್ಪತ್ತೊಂಬತ್ತು ವರ್ಷ ಕಾಪಾಡಿಕೊಂಡು ಬಂದ ಸುಳ್ಳು.

"ರೋಲು ನನ್ನ ಚೀಲದಾಗೇ ಇತ್ತು," ಎಂದಳು ವಾಸಂತಿ. "ಹಿಡಕೋ ಅಂತ ನೀವೇ ಕೊಟ್ಟಿದ್ರಿ. ಮಧ್ಯಾಹ್ನ ಕರವಸ್ತ್ರಕ್ಕ ಕೈ ಹಾಕಿದಾಗ ಸಿಕ್ತು. ಮರುದಿನ ಸುಮ್ಮನ ನಿಮ್ಮ ಡ್ರಾದಾಗ ಇಟ್ಟೆ."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕಿಂಡಿಯ ಹಿಂದಿನಿಂದಲೇ ಕೇಳಿದೆ.

"ಹೇಳಿದ್ರ ನೋಡೋದು ನಿಲ್ಲಸ್ತಿದ್ರಿ. ಕ್ಯಾಮೆರಾ ಖಾಲಿ ಇತ್ತು ಖರೆ. ಆದ್ರ ಅವತ್ತು ನೀವು ನನ್ನ ನೋಡ್ಲಿಕತ್ತಿದ್ರಿ."

ಹೇಳುತ್ತ ಹೇಳುತ್ತ ಆ ನಗು ಬಂತು. ಮೊದಲು ಕಣ್ಣಿಗೆ, ಆಮೇಲೆ ಕೆನ್ನೆಗೆ. ಕೊಂಡಾಪುರದ ಗಾಜಿನೊಳಗೆ ಇದ್ದದ್ದೇ ಅದು. ಆ ನಗು ಕಾಶಿನಾಥನಿಗಾಗಿ ಬಂದದ್ದಾಗಿರಲಿಲ್ಲ. ಖಾಲಿ ಕ್ಯಾಮೆರಾ ಹಿಡಿದು ಅವಳ ಸುತ್ತ ತಿರುಗಿದ ಇಪ್ಪತ್ತೈದರ ಒಬ್ಬ ಪೆದ್ದನಿಗಾಗಿ ಬಂದದ್ದು. ನನಗೆ ಹೊಟ್ಟೆಕಿಚ್ಚಾಯಿತು, ಈ ಸಲ ಆ ಪೆದ್ದನ ಮೇಲೆ. ನಾನು ಒತ್ತಿದೆ, ಒತ್ತುತ್ತಲೇ ಹೋದೆ. ಮೂಗುತಿಯಿಲ್ಲದ ಆ ಮುಖದಲ್ಲಿ ಕಣ್ಣು ಹುಡುಕುವುದು ಈಗ ಕಷ್ಟವಾಗಲಿಲ್ಲ. ಎಡಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆಯಿದೆ. ಯಾವಾಗಿನಿಂದ ಇತ್ತೋ ತಿಳಿಯದು.

ಅವಳ ನಗು ಇನ್ನೂ ಜೋರಾಯಿತು. ಮಾತಾಡಲಾಗದೆ ಮೇಜಿನ ಕಡೆ ಕೈ ತೋರಿಸಿದಳು. ಕಂಪ್ಯೂಟರಿನಲ್ಲಿ, ಹಾಕಿದ ಜಾಗದಲ್ಲೇ, ನನ್ನ ಕ್ಯಾಮೆರಾದ ಕಾರ್ಡು ಇತ್ತು.

ಸೋಮವಾರ ಲೆನ್ಸನ್ನು ಕೋಠಿಗೆ ತಿರುಗಿ ಕೊಟ್ಟೆ. ಮಾಲಿನಲ್ಲಿ ಏನಾದರೂ ದೋಷವಿತ್ತೇ ಎಂದು ಅಂಗಡಿಯವನು ಕೇಳಿದ. ಒಂದೂ ಇಲ್ಲ, ಬಹಳ ಚೆನ್ನಾಗಿದೆ ಎಂದೆ. ನಿಜವನ್ನೇ ಹೇಳಿದ್ದು.

ಆದರೆ ಆ ನಗುವಿನ ಫೋಟೋ ಇರುವುದು ಇವತ್ತಿಗೂ ಒಂದೇ ಕಡೆ. ಈ ವಾರ ಕೊಂಡಾಪುರಕ್ಕೆ ಹೋಗಿ, ಮೆಟ್ಟಿಲು ಹತ್ತಿ, ನನಗೊಂದು ಪ್ರಿಂಟ್ ಹಾಕಿಕೊಡಪ್ಪ ಎಂದು ಕಾಶಿನಾಥನನ್ನು ಕೇಳಬೇಕು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಜೊತೆಗೆ ಬರುತ್ತೇನೆ ಎಂದಿದ್ದಾಳೆ ವಾಸಂತಿ.