ಅಕ್ಕನ ಪಾಲಿನ ಸೊಪ್ಪು

ಅಕ್ಕನ ಮೂತ್ರಪಿಂಡ ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಸೊಪ್ಪಿನಲ್ಲಿ ಪೊಟ್ಯಾಷಿಯಂ ಜಾಸ್ತಿ, ಅದು ರಕ್ತದಲ್ಲಿ ಏರಿದರೆ ಹೃದಯವೇ ನಿಂತೀತು ಎಂದು ಡಾಕ್ಟರು ಸೊಪ್ಪು ಬಿಡಿಸಿದ್ದರು. ಹಸಿ ಸೊಪ್ಪೆಂದರೆ ಪ್ರಾಣ ಬಿಡುವವಳಿಗೆ ಇದಕ್ಕಿಂತ ಶಿಕ್ಷೆ ಬೇರೆ ಬೇಕೆ? ತಂಗಿಯೋ, ದಿನವಿಡೀ ಸೊಪ್ಪಿನ ನಡುವೆಯೇ ಇರುವವಳು. ಮಣ್ಣಿಲ್ಲದೆ, ಲವಣ ಬೆರೆಸಿದ ನೀರಿನಲ್ಲೇ ಲೆಟ್ಯೂಸ್ ಬೆಳೆಸುವ ಗಾಜಿನ ಮನೆಯಲ್ಲಿ ಅವಳ ಕೆಲಸ.

ಕೊಯ್ಲಿಗೆ ಮುಂಚಿನ ಹತ್ತು ದಿನ ನೀರಿಗೆ ಪೊಟ್ಯಾಷಿಯಂ ಹಾಕದಿದ್ದರೆ ಎಲೆಯಲ್ಲೂ ಅದು ತಗ್ಗುತ್ತದೆ. ಎಲೆ ಪರೀಕ್ಷೆ ಮಾಡಿಸಿ ಕೊಡಿ ಎಂದು ಡಾಕ್ಟರೂ ಒಪ್ಪಿದರು. ತಂಗಿ ಮೇಲ್ವಿಚಾರಕನನ್ನು ಕಾಡಿ ಬೇಡಿ ಮೂಲೆಯ ಒಂದು ತೊಟ್ಟಿ ಗಿಟ್ಟಿಸಿಕೊಂಡಳು.

ಪೊಟ್ಯಾಷಿಯಂ ನಿಲ್ಲಿಸಿದ ಆರನೆಯ ದಿನ ಎಲೆಗಳ ಕಳೆ ಇಳಿಯಿತು. ಅಂದೇ ಅಕ್ಕನಿಗೆ ಉಸಿರು ಕಟ್ಟಿ ನಾಲ್ಕು ದಿನ ಆಸ್ಪತ್ರೆ. ತಂಗಿ ಮರಳಿ ಬಂದು ನೋಡಿದರೆ ಎಲೆಗಳು ಸೆಟೆದು ನಿಂತಿವೆ.

"ನಿನ್ನ ಸೊಪ್ಪು ಸಾಯ್ತಾ ಇತ್ತು ಕಣೇ," ಎಂದಳು ಪಕ್ಕದ ಸಾಲಿನ ಹಿರಿಯಳು. ಅವಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. "ನೀನು ಪೊಟ್ಯಾಷಿಯಂ ಹಾಕೋದೇ ಮರೆತಿದ್ದೆ. ನಾನೇ ಹಾಕಿ ಬದುಕಿಸಿದೆ."

ತೊಟ್ಟಿಗೊಂದು ಚೀಟಿ ಅಂಟಿಸದೆ ಹೋದದ್ದು ತನ್ನದೇ ತಪ್ಪು. ತಂಗಿ ಅಳುತ್ತಲೇ ದೊಡ್ಡಮ್ಮನಿಗೆ ಎಲ್ಲವನ್ನೂ ಹೇಳಿದಳು. ಆ ವರ್ಷ ಅಷ್ಟು ಸೊಗಸಾದ ಸೊಪ್ಪು ಬೇರೆ ಬಂದಿರಲಿಲ್ಲ, ಆದರೆ ಅಕ್ಕನಿಗೆ ಕೊಡುವ ಹಾಗಿರಲಿಲ್ಲ. ಅದನ್ನೆಲ್ಲ ಮಾರಾಟದ ಬುಟ್ಟಿಗೆ ಸುರಿದಳು.

"ಮತ್ತೆ ಬಿತ್ತಿದೀನಿ ಅಕ್ಕ. ಮೂವತ್ತೈದು ದಿನ, ಅಷ್ಟೇ."

"ನಾನೆಲ್ಲಿಗೆ ಓಡಿಹೋಗ್ತೀನಿ ಹೇಳು? ಈ ಸೂಜಿ ಬಿಟ್ರೆ ತಾನೆ!" ಅಕ್ಕ ನಕ್ಕಳು. "ಸ್ವಲ್ಪ ಕಹಿ ಇರ್ಲಿ ಕಣೇ. ಕಹಿ ಇಲ್ದಿದ್ರೆ ಅದೆಂಥ ಸೊಪ್ಪು?"

ಇಪ್ಪತ್ತೆಂಟನೆಯ ದಿನ ಅಕ್ಕ ಹೋಗಿಬಿಟ್ಟಳು.

ಮೂವತ್ತೈದನೆಯ ದಿನ ತಂಗಿ ಕೆಲಸಕ್ಕೆ ಬಂದಳು. ಸೊಪ್ಪು ಎಂದೋ ಕಸಕ್ಕೆ ಹೋಗಿರುತ್ತದೆ ಎಂದುಕೊಂಡಿದ್ದಳು. ಆದರೆ ತೊಟ್ಟಿ ಹಾಗೇ ಇತ್ತು. ಅದರ ಮೇಲೆ ದೊಡ್ಡಮ್ಮನ ಸೊಟ್ಟ ಅಕ್ಷರದ ಚೀಟಿ: 'ಇದಕ್ಕೆ ಯಾರೂ ಏನೂ ಹಾಕಬೇಡಿ.' ಅಕ್ಕ ಸತ್ತ ಸುದ್ದಿ ಗೊತ್ತಿದ್ದೂ ದೊಡ್ಡಮ್ಮ ಅದನ್ನು ಏಳು ದಿನ ಕಾದಿದ್ದಳು. ಎಲೆಗಳು ಮೆತ್ತಗಾಗಿದ್ದವು, ಅಂಚು ಹಳದಿ.

ತಂಗಿ ಒಂದೆಲೆ ಮುರಿದು ದೊಡ್ಡಮ್ಮನ ಕೈಗಿತ್ತು, ಇನ್ನೊಂದನ್ನು ತಾನು ಬಾಯಿಗಿಟ್ಟುಕೊಂಡಳು. ನಿಧಾನವಾಗಿ ಅಗಿದಳು.

"ಒಂಚೂರೂ ಕಹಿ ಇಲ್ಲ ದೊಡ್ಡಮ್ಮ," ಎಂದಳು. "ಅಕ್ಕನಿಗೆ ಇದು ಹಿಡಿಸ್ತಾನೇ ಇರ್ಲಿಲ್ಲ. ನನ್ನನ್ನ ಬೈಕೊಂಡು ಬೈಕೊಂಡೇ ಪೂರ್ತಿ ತಿಂದಿರೋಳು."