ಡಬ್ಬಿಗೋ, ಪಾತ್ರೆಗೋ

ನನ್ನ ಹೆಂಡತಿ ಸಿಗ್ನಿ ತೀರಿಕೊಂಡ ವರ್ಷ, ಬೇಸಿಗೆ ಮುಗಿಯುವ ಹೊತ್ತಿಗೆ, ನಾನು ವೆಲ್ಡಾಳ ಅಂಗಡಿಗೆ ಪಿಸ್ತೂಲು ಕೊಳ್ಳಲು ಹೋದೆ. ಜೊತೆಗೆ ಸಿಗ್ನಿಯ ತಮ್ಮ ಹಾಲ್ವರ್ ಇದ್ದ. ಅಕ್ಕನ ಮಣ್ಣಿಗೆಂದು ಮಿನ್ನೆಸೋಟದಿಂದ ಬಂದವನು ಹಿಂದಿರುಗಿರಲಿಲ್ಲ. ಅಕ್ಕ ನಲವತ್ತು ಚಳಿಗಾಲ ಕಳೆದ ನದಿಯಂಚಿನ ಆ ಕಾಡಿನ ಮನೆಯನ್ನು ಒಂದು ಸಲವಾದರೂ ನೋಡಬೇಕು ಎಂದಿದ್ದ. ನಾನೂ ಬೇಡವೆನ್ನಲಿಲ್ಲ. ತುಪ್ಪಳದ ಪ್ರಾಣಿಗಳಿಗೆ ಬೋನು ಹಾಕಲು ಪ್ರತಿ ವರ್ಷ ಹೋಗುತ್ತಿದ್ದ ಮನೆ ಅದು. ಒಬ್ಬನೇ ಹೋಗುವ ಧೈರ್ಯ ನನಗಿರಲಿಲ್ಲ.

ಮದುವೆಯಾದಾಗಿನಿಂದ ನಮ್ಮಲ್ಲಿ ಇದ್ದ ಕೈಬಂದೂಕು ಸಿಗ್ನಿಯ ರಿವಾಲ್ವರ್ ಒಂದೇ. ಪಾಯಿಂಟ್ ಟೂ ಟೂ, ಸಣ್ಣ ಗುಂಡಿನದು. ಆಕೆಯೇ ಅದನ್ನು ತಂಗಿಯ ಮಗಳಿಗೆ ಬರೆದಿಟ್ಟಿದ್ದಳು, ಆ ಹುಡುಗಿ ಬಂದು ಒಯ್ದಿದ್ದಳು. ದೊಡ್ಡ ಬೇಟೆಗೆ ರೈಫಲ್ ಇತ್ತು. ಆದರೆ ಕಾಡಿನಲ್ಲಿ ದಿನದ ಊಟ ದೊರೆಯುವುದು ಸಣ್ಣ ಗುಂಡಿನಿಂದ. ರೈಫಲ್‌ನಿಂದ ಕಾಡುಕೋಳಿ ಹೊಡೆದರೆ ಉಳಿಯುವುದು ಗರಿ ಮಾತ್ರ.

ವೆಲ್ಡಾ ಗಾಜಿನ ಪೆಟ್ಟಿಗೆಯಿಂದ ಮೂರು ಪಿಸ್ತೂಲು ತೆಗೆದು ಹಸಿರು ಬಟ್ಟೆಯ ಮೇಲಿಟ್ಟಳು.

"ಮೊದ್ಲು ಹೇಳಿ ಯಜಮಾನ್ರೇ. ಡಬ್ಬಿಗೋ, ಪಾತ್ರೆಗೋ?"

ಆಕೆ ಯಾರು ಬಂದರೂ ಕೇಳುವ ಮಾತು ಅದು. ಬೇಲಿಯ ಮೇಲೆ ಖಾಲಿ ಡಬ್ಬಿ ಸಾಲಾಗಿಟ್ಟು ಮೋಜಿಗೆ ಹೊಡೆಯಲೋ, ಪಾತ್ರೆಗೆ ಮಾಂಸ ಹಾಕಲೋ ಎಂದು.

"ಎರಡಕ್ಕೂ," ಎಂದ ಹಾಲ್ವರ್.

"ನಿನ್ನನ್ನ ಯಾರಪ್ಪಾ ಕೇಳಿದ್ದು? ನಿಮ್ಮ ಕಡೆ ಡಬ್ಬೀನೇ ಬೇಟೆ ಅಂತ ನಂಗೊತ್ತು."

"ಅಕ್ಕೋ, ನಮ್ಮ ಕಡೆ ಡಬ್ಬಿ ನಿಮ್ಮ ಅಲಾಸ್ಕಾದ ಕರಡಿಗಿಂತ ಜೋರಾಗಿ ಓಡತ್ತೆ."

"ಹೌದೌದು, ಗಾಳಿ ಬಂದಾಗ!"

ಇಬ್ಬರೂ ನಕ್ಕರು. ಹಾಲ್ವರ್ ನಗುವಾಗ ಥೇಟ್ ಅಕ್ಕನ ಹಾಗೆ ಒಂದು ಕಣ್ಣು ಮುಚ್ಚುತ್ತಾನೆ. ನಾನು ಪಿಸ್ತೂಲುಗಳ ಕಡೆ ನೋಡಿದೆ.

ಮೊದಲನೆಯದು ಉದ್ದ ನಳಿಗೆಯದು, ಭಾರ, ಬಹಳ ಚೆಲುವಾದದ್ದು. "ಇದು ಡಬ್ಬಿಯವರದು," ಎಂದಳು ವೆಲ್ಡಾ. "ಕೂತು ಹೊಡೆದ್ರೆ ನೊಣದ ಮೀಸೆ ಬೋಳಿಸುತ್ತೆ. ಸೊಂಟಕ್ಕೆ ಕಟ್ಟಿ ಒಂದಿನ ನಡೀರಿ, ಸಂಜೆಗೆ ಪಿಸ್ತೂಲಿರುತ್ತೆ, ಸೊಂಟ ಇರಲ್ಲ." ಎರಡನೆಯದು ರಿವಾಲ್ವರ್. "ಇದು ಪಾತ್ರೆಯದು. ಯಾವ ಕಾಡತೂಸು ಹಾಕಿದ್ರೂ ತಿನ್ನುತ್ತೆ. ಚಳಿಗೂ ಹೆದ್ರಲ್ಲ." ಮೂರನೆಯದು ತಾನೇ ಗುಂಡು ತುಂಬಿಕೊಳ್ಳುವಂಥದು, ಮಧ್ಯಮ ಉದ್ದ, ಹಗುರ. "ಇದು ಎರಡಕ್ಕೂ ಅನ್ನೋರಿಗೆ. ಒಳ್ಳೇದೇ. ಆದ್ರೆ ಸ್ವಲ್ಪ ಗಂಟಲು ಸೂಕ್ಷ್ಮ. ನಿಮಗೆ ರಿವಾಲ್ವರೇ ಸರಿ."

ನಾನು ರಿವಾಲ್ವರನ್ನು ಕೈಗೆತ್ತಿಕೊಂಡೆ. ಅಕ್ರೋಟು ಮರದ ಹಿಡಿ. ಸಿಗ್ನಿ ಕೋಳಿಗೆ ಗುರಿಯಿಡುವಾಗ ಹೆಬ್ಬೆರಳಿನಿಂದ ಹಿಂದಿನ ಕೊಕ್ಕೆಯನ್ನು ಮೆಲ್ಲಗೆ ಎಳೆಯುತ್ತಿದ್ದಳು. ಆಗ ಆಗುತ್ತಿದ್ದ ಕಟಕ್ ಎಂಬ ಸದ್ದು ಅಂಗಡಿಯಲ್ಲಿ ಯಾರೂ ಎಳೆಯದೆ ನನಗೆ ಕೇಳಿಸಿತು. ಕೆಳಗಿಟ್ಟೆ.

"ಇದು ಬೇಡಮ್ಮ."

ವೆಲ್ಡಾ ಮತ್ತೆ ಒತ್ತಾಯಿಸಲಿಲ್ಲ. ಮೂರನೆಯದನ್ನು ಒರೆಸಿ ಕೊಟ್ಟಳು. ಅಷ್ಟರಲ್ಲಿ ಹಾಲ್ವರ್ ದೋಣಿಯ ಯಂತ್ರ ನೋಡಲು ಹೊರಗೆ ಹೋಗಿದ್ದ. "ಹಿಮ ಬಿದ್ಮೇಲೆ ಇದಕ್ಕೆ ಎಣ್ಣೆ ತೋರಿಸ್ಬೇಡಿ," ಎಂದಳು. "ಇರೋದನ್ನೂ ಸೀಮೆಎಣ್ಣೇಲಿ ತೊಳೆದು ಒಣಗಿಸಿಬಿಡಿ. ನಿಮಗೆ ನಾನು ಹೇಳ್ಬೇಕಾ!"

ಹೇಳಬೇಕಾಗಿರಲಿಲ್ಲ. ನಮ್ಮ ಕಡೆ ಮಕ್ಕಳಿಗೂ ಅದು ಗೊತ್ತು.

ನದಿಯಲ್ಲಿ ಸಾಗಿ ನಮ್ಮ ಕಾಡಿನ ಮನೆ ತಲುಪಲು ಇನ್ನೊಂದು ತಿರುವು ಇರುವಾಗ ದೋಣಿ ಮುಳುಗಿದ್ದ ಮರಕ್ಕೆ ತಾಗಿ ಮಗುಚಿತು. ಹಿಟ್ಟು, ಉಪ್ಪು, ಸೀಮೆಎಣ್ಣೆ, ರೇಡಿಯೋ, ಉರುಲಿನ ತಂತಿ, ರೈಫಲ್, ಎಲ್ಲವೂ ನದಿಗೆ ಹೋದವು. ಹಾಲ್ವರ್‌ನ ಕಾಲು ದೋಣಿಗೂ ಮರಕ್ಕೂ ನಡುವೆ ಸಿಕ್ಕಿ ಮೊಳಕಾಲಿನ ಕೆಳಗೆ ಮುರಿಯಿತು. ಅವನನ್ನು ಎಳೆದುಕೊಂಡು ದಡ ಸೇರಿದಾಗ ನನ್ನ ಸೊಂಟದಲ್ಲಿ ಪಿಸ್ತೂಲು ಉಳಿದಿತ್ತು, ಜೇಬಿನಲ್ಲಿ ಕಾಡತೂಸಿನ ಒಂದು ಪೊಟ್ಟಣ. ಅಷ್ಟೇ.

ಮನೆಯಲ್ಲಿ ಹಿಂದಿನ ವರ್ಷದ ಓಟ್ಸ್ ಒಂದಿಷ್ಟು, ಬೀನ್ಸ್ ಒಂದಿಷ್ಟು ಇತ್ತು. ಕಾಲಿಗೆ ಹಲಗೆ ಕಟ್ಟಿದೆ. ಚಳಿಗಾಲದಲ್ಲಿ ನಮಗೆ ಸಾಮಾನು ತರುವ ವಿಮಾನ ಇಳಿಯಲು ನದಿ ಹೆಪ್ಪುಗಟ್ಟಿ ಗಟ್ಟಿಯಾಗಬೇಕು. ಮಂಜುಗಡ್ಡೆಯ ಕೆಸರು ಹರಿಯುವ ಆ ವಾರಗಳಲ್ಲಿ ನೀರಿನ ಮೇಲೂ ಇಳಿಯಲಾಗದು, ಹಿಮದ ಮೇಲೂ ಇಳಿಯಲಾಗದು. ಮೀನಿಗೆ ಬಲೆ ಹಾಕಿದರೆ ಹರಿದುಹೋಗುತ್ತದೆ. ಪೈಲಟ್‌ಗೆ ನಾವಿಬ್ಬರೂ ಬೆಚ್ಚಗೆ ಕೂತಿದ್ದೇವೆ ಎಂಬ ನಂಬಿಕೆ. ಅವನು ಬರುವವರೆಗೆ ಹಾಲ್ವರ್‌ನನ್ನು ಉಳಿಸಬೇಕು. ನನಗೆ ಇದ್ದದ್ದು ಅದೊಂದೇ ಕೆಲಸ.

ಅದು ಮೊಲಗಳು ಸತ್ತುಹೋದ ವರ್ಷ. ಹಾಗೆ ಕೆಲವು ವರ್ಷಕ್ಕೊಮ್ಮೆ ಆಗುತ್ತದೆ. ಕಾಡಿನಲ್ಲಿ ಒಂದು ಹೆಜ್ಜೆಗುರುತೂ ಇರುವುದಿಲ್ಲ. ಮೊದಮೊದಲು ಅಳಿಲು, ಆಗೀಗ ಒಂದು ಕೋಳಿ ಸಿಕ್ಕವು. ಪಿಸ್ತೂಲು ಚೆನ್ನಾಗಿಯೇ ನಡೆಯಿತು. ಆಮೇಲೆ ಚಳಿ ಬಿಗಿಯಿತು, ಏನೂ ಸಿಗದಾಯಿತು. ಬೀನ್ಸ್ ಮುಗಿದವು. ಹಾಲ್ವರ್‌ಗೆ ಜ್ವರ ಹತ್ತಿತು. ಅವನ ಮೈಯಿಂದ ಮಾಂಸ ಇಳಿಯುವುದು ಕಣ್ಣಿಗೆ ಕಾಣುತ್ತಿತ್ತು.

"ಭಾವಾ," ಎಂದ ಒಂದು ಸಂಜೆ, "ನಾನು ಸತ್ರೆ ಕಾಲು ಇಟ್ಕೋ. ಒಂದು ಹೇಗೂ ಮುರಿದಿದೆ, ಬೇಗ ಬೇಯುತ್ತೆ."

"ಬಾಯಿ ಮುಚ್ಚೋ."

"ಅಕ್ಕ ಇದ್ದಿದ್ರೆ ನಗ್ತಿದ್ಳು."

"ನಿನ್ನಕ್ಕ ಇದ್ದಿದ್ರೆ ನಿನ್ನ ಬಾಯಿಗೆ ಸೋಪು ಹಾಕ್ತಿದ್ಳು."

ಅವನು ನಗಲು ಹೋದ, ಕೆಮ್ಮು ಬಂತು. ನಾನು ಹೊರಗೆ ಹೋಗಿ ಸೌದೆಯ ಒಟ್ಟಿಲ ಹಿಂದೆ ಮಂಡಿಯೂರಿದೆ. ಕರ್ತನೇ, ಈ ಮನೆಯಿಂದ ಒಬ್ಬರನ್ನು ಈಗಾಗಲೇ ಕರೆದುಕೊಂಡಿದ್ದೀಯೆ, ಇವನನ್ನು ಬಿಡು, ಬೇಕಾದರೆ ನನ್ನನ್ನು ಕರೆ ಎಂದೆ. ಸಿಗ್ನಿಯ ಹಾಸಿಗೆಯ ಬಳಿಯೂ ಇದನ್ನೇ ಬೇಡಿದ್ದೆ. ಆಗ ಉತ್ತರ ಬಂದಿರಲಿಲ್ಲ. ಆದರೂ ಬೇಡಿದೆ. ಬೇರೆ ಬಾಗಿಲು ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಗ್ಗೆ ಅವನು ಕಣ್ಣು ತೆರೆಯಲಿಲ್ಲ. ಕರೆದರೆ ಹೂಂ ಎನ್ನುತ್ತಿದ್ದ, ಅಷ್ಟೇ. ಇಂದು ಏನಾದರೂ ಹೊಟ್ಟೆಗೆ ಬೀಳದಿದ್ದರೆ ನಾಳೆ ಆ ಹೂಂ ಕೂಡ ಇರುವುದಿಲ್ಲ ಎಂದು ತಿಳಿಯಿತು. ಒಲೆಗೆ ಸೌದೆ ಒಡ್ಡಿ, ಅವನ ಹಾಸಿಗೆಯ ಪಕ್ಕದ ಗೂಟದಲ್ಲಿದ್ದ ಪಿಸ್ತೂಲಿನ ಚೀಲ ಸೊಂಟಕ್ಕೆ ಕಟ್ಟಿಕೊಂಡು ಹೊರಟೆ.

ದೇವದಾರುಗಳ ತೋಪು ದಾಟಿದ ಮೇಲೆ ಒಂದು ಮರದಲ್ಲಿ ಐದು ಪೆದ್ದುಕೋಳಿಗಳು ಕೂತಿದ್ದವು.

ಪೆದ್ದುಕೋಳಿ ಎಂದು ನಾವು ಕರೆಯುವುದು ಸುಮ್ಮನೆ ಅಲ್ಲ. ಆ ಹಕ್ಕಿ ಮನುಷ್ಯನನ್ನು ಕಂಡು ಹಾರುವುದಿಲ್ಲ. ಗುಂಡಿನ ಸದ್ದಿಗೂ ಹಾರುವುದಿಲ್ಲ. ಕತ್ತು ನೀಡಿ ನೋಡುತ್ತದೆ. ಒಂದೇ ನಿಯಮ. ಎಲ್ಲಕ್ಕಿಂತ ಕೆಳಗಿನದನ್ನು ಮೊದಲು ಹೊಡೆಯಬೇಕು. ಮೇಲಿನದನ್ನು ಹೊಡೆದರೆ ಅದು ಉಳಿದವುಗಳ ಮುಂದೆ ಬೀಳುತ್ತದೆ, ಆಗ ಪೆದ್ದುಕೋಳಿಗೂ ಬುದ್ಧಿ ಬರುತ್ತದೆ.

ಕೆಳಗಿನದಕ್ಕೆ ಗುರಿಯಿಟ್ಟು ಪಿಸ್ತೂಲಿನ ಕುದುರೆ ಎಳೆದೆ. ಗುಂಡು ಹಾರಲಿಲ್ಲ. ಒಳಗೆ ಯಾರೋ ಹತ್ತಿಯ ಮೇಲೆ ಬೆರಳು ಕುಟ್ಟಿದಂತೆ ಒಂದು ಮೆತ್ತನೆಯ ಸದ್ದು ಮಾತ್ರ.

ಪಿಸ್ತೂಲನ್ನು ಮುಖದ ಹತ್ತಿರ ತಂದೆ. ಆಗ ವಾಸನೆ ಬಂತು. ಹೊಲಿಗೆ ಯಂತ್ರದ ಎಣ್ಣೆಯ ವಾಸನೆ. ಸಿಗ್ನಿಯ ತೋಳಿನಲ್ಲಿ, ಆಕೆ ಹೊಲಿದ ಪ್ರತಿಯೊಂದು ಅಂಗಿಯಲ್ಲಿ ಇರುತ್ತಿದ್ದ ವಾಸನೆ. ಒಂದು ಕ್ಷಣ ಆಕೆ ನನ್ನ ಪಕ್ಕದಲ್ಲೇ ನಿಂತಳು. ಅದರ ಹಿಂದೆಯೇ ಏನಾಗಿದೆ ಎಂಬುದು ತಿಳಿಯಿತು. ಕಿಟಕಿಯ ಹಲಗೆಯ ಮೇಲೆ ಆಕೆಯ ಎಣ್ಣೆಯ ಕುಪ್ಪಿ ಹಾಗೆಯೇ ಇತ್ತು; ಹಳತಾಗಿ ಜೇನಿನಂತೆ ಅಂಟಾಗಿತ್ತು. ಹಿಂದಿನ ದಿನ ನಾನು ಸೌದೆಗೆ ಹೋಗಿದ್ದಾಗ ಹಾಲ್ವರ್ ಮಲಗಿದಲ್ಲಿಂದಲೇ ಕೈ ಚಾಚಿ ಅದನ್ನು ತೆಗೆದುಕೊಂಡು ಪಿಸ್ತೂಲಿಗೆ ಹಚ್ಚಿದ್ದಾನೆ. ಅವನ ಊರು ಕೆರೆಗಳ ಊರು, ಒದ್ದೆ ಗಾಳಿಯ ಊರು. ಅಲ್ಲಿ ಬಂದೂಕನ್ನು ಪ್ರೀತಿಸುವವನು ದಿನಾ ಎಣ್ಣೆ ಹಾಕುತ್ತಾನೆ. ಏಳಲಾಗದವನು ನನಗೆ ಒಂದು ಉಪಕಾರ ಮಾಡಿದ್ದ. ಆ ಎಣ್ಣೆ ಈಗ ಚಳಿಗೆ ಗೋಂದಾಗಿತ್ತು.

ಮನೆಗೆ ಹೋಗಿ ಬಿಸಿನೀರಿನಲ್ಲಿ ತೊಳೆದು ಬರುವಷ್ಟರಲ್ಲಿ ಕೋಳಿಗಳು ಅಲ್ಲಿರುತ್ತವೆಯೆ? ಹೇಳುವವರು ಯಾರು? ನಾನು ಕೋಟು ಬಿಚ್ಚಿ, ಅಂಗಿಯೆತ್ತಿ, ಪಿಸ್ತೂಲನ್ನು ಬರಿ ಹೊಟ್ಟೆಗೆ ಒತ್ತಿಕೊಂಡೆ. ಚಳಿಯಲ್ಲಿ ಕಬ್ಬಿಣ ಚರ್ಮವನ್ನು ಕಚ್ಚುತ್ತದೆ, ಕಚ್ಚಿತು. ನಿಂತೇ ಇದ್ದೆ. ಕೋಳಿಗಳು ನನ್ನನ್ನು ನೋಡಿದವು, ನಾನು ಅವುಗಳನ್ನು ನೋಡಿದೆ. ಕೂತಿರಿ, ಕೂತಿರಿ ತಾಯಂದಿರೇ ಎಂದೆ. ಗುಬ್ಬಿ ನೆಲಕ್ಕೆ ಬಿದ್ದರೂ ತಂದೆಗೆ ತಿಳಿಯುತ್ತದೆ ಎಂಬುದನ್ನು ಸಮಾಧಾನಕ್ಕೆ ಬೈಬಲಿನಲ್ಲಿ ಎಷ್ಟೋ ಸಾರಿ ಓದಿದ್ದೇನೆ. ಅಂದು ಗುಬ್ಬಿ ಬೀಳಲಿ ಎಂದು ಬೇಡಿದೆ.

ಕೈಗೆ ಪಿಸ್ತೂಲಿನ ಮೈ ಸ್ವಲ್ಪ ಬಿಸಿಯೆನಿಸಿದಾಗ ತೆಗೆದೆ. ಹಾರದ ಕಾಡತೂಸನ್ನು ಉಗುರಿನಿಂದ ಹೊರಗೆಳೆದು ನೋಡಿದೆ. ಈ ಸಣ್ಣ ಕಾಡತೂಸಿಗೆ ಸಿಡಿಮದ್ದು ಇರುವುದು ಬುಡದ ಅಂಚಿನ ಸುತ್ತ. ಒಂದು ಕಡೆ ಪೆಟ್ಟು ಸಾಲದಿದ್ದರೆ, ತಿರುಗಿಸಿ ಹಾಕಿ ಇನ್ನೊಂದು ಕಡೆ ಹೊಡೆಯಬಹುದು. ಅಂಚಿನಲ್ಲಿ ಬೆಕ್ಕಿನ ಹಲ್ಲಿನಷ್ಟು ಗುರುತು ಬಿದ್ದಿತ್ತು. ತಿರುಗಿಸಿ ಹಾಕಿದೆ. ಕುದುರೆ ಎಳೆದೆ.

ಸಿಡಿಯಿತು. ಕೆಳಗಿನ ಕೋಳಿ ಬಿತ್ತು.

ಪಿಸ್ತೂಲಿನ ಮೇಲಿನ ಜಾರುವ ತುಂಡು ಅರ್ಧಕ್ಕೆ ನಿಂತು ಖಾಲಿ ಕೊಳವೆಯನ್ನು ಕಚ್ಚಿಕೊಂಡಿತ್ತು. ಚಾಕುವಿನ ತುದಿಯಿಂದ ಅದನ್ನು ಕಿತ್ತೆ, ಇನ್ನೊಂದು ಕಾಡತೂಸು ಕೈಯಿಂದ ತುರುಕಿದೆ. ಬೆರಳಿಗೆ ಸ್ಪರ್ಶವಿರಲಿಲ್ಲ, ಎರಡು ಹಿಮದಲ್ಲಿ ಬಿದ್ದು ಮಾಯವಾದವು. ಎಳೆದೆ. ಮೆತ್ತನೆಯ ಸದ್ದು. ಮತ್ತೆ ಹೊಟ್ಟೆಗೆ ಒತ್ತಿಕೊಂಡೆ, ಮತ್ತೆ ತಿರುಗಿಸಿದೆ, ಮತ್ತೆ ಎಳೆದೆ. ಎರಡನೆಯದು ಬಿತ್ತು. ಉಳಿದ ಮೂರು ಕತ್ತು ಓರೆ ಮಾಡಿಕೊಂಡು ಕೂತಿದ್ದವು.

ಅಷ್ಟರಲ್ಲಿ ನನ್ನ ಇಡೀ ಮೈ ನಡುಗುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು, ಮರಕ್ಕೆ ತೋಳು ಆನಿಸಿ, ಮೂರನೆಯದಕ್ಕೆ ಗುರಿಯಿಟ್ಟೆ. ಗುಂಡು ಹಾರುವ ಗಳಿಗೆಯಲ್ಲಿ ಕೈ ಎದ್ದಿತು. ಎಲ್ಲಕ್ಕಿಂತ ಮೇಲಿನ ಕೋಳಿ ರೆಕ್ಕೆ ಬಡಿಯುತ್ತಾ ಉಳಿದೆರಡರ ನಡುವೆ ಉರುಳಿ ಬಿತ್ತು. ಆ ಎರಡೂ ಹಾರಿಹೋದವು. ಅವು ಹೋದ ಕಡೆ ನಾನು ಮಗುವಿನಂತೆ ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ, ದೇವರು ಕ್ಷಮಿಸಲಿ.

ಮೂರು ಕೋಳಿ. ಅಂಗಿಯೊಳಗೆ ಹಾಕಿಕೊಂಡು ಬಂದೆ. ದಾರಿಯುದ್ದಕ್ಕೂ ಅವುಗಳ ಬಿಸಿ ನನ್ನ ಹೊಟ್ಟೆಗೆ ತಾಗುತ್ತಿತ್ತು.

ಒಂದನ್ನು ಸುಲಿದು, ಕರುಳು ಸಹ ಬಿಡದೆ, ನೀರಿನಲ್ಲಿ ಕುದಿಸಿದೆ. ಆ ವಾಸನೆಗೆ ಹಾಲ್ವರ್‌ನ ರೆಪ್ಪೆ ಅಲುಗಿತು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಚಮಚ ಸಾರು ಬಾಯಿಗೆ ಬಿಟ್ಟೆ. ಬಾಯಿಯ ಅಂಚಿನಿಂದ ಹರಿದುಹೋಯಿತು. ಇನ್ನೊಂದು ಬಿಟ್ಟೆ. ಅದೂ ಹರಿಯಿತು. "ನುಂಗೋ, ಹಾಲ್ವರ್. ನುಂಗೋ ತಂದೆ," ಎಂದೆ. ಮೂರನೆಯದಕ್ಕೆ ಗಂಟಲು ಒಮ್ಮೆ ಏರಿ ಇಳಿಯಿತು.

ಬಹಳ ಹೊತ್ತಿನ ಮೇಲೆ ಅವನು ಕಣ್ಣು ತೆರೆದ. ತುಟಿ ಅಲುಗಿತು. ಬಗ್ಗಿ ಕೇಳಿದೆ.

"ಪಿಸ್ತೂಲು..." ಎಂದ. "ಉಜ್ಜಿ ಇಟ್ಟಿದ್ದೆ. ಸಲೀಸಾಗಿ ಓಡ್ತಾ ಭಾವಾ?"

ನನ್ನ ಹೊಟ್ಟೆಯ ಚರ್ಮ ಎರಡು ಕಡೆ ಕಿತ್ತುಹೋಗಿ ಅಂಗಿಗೆ ಅಂಟಿತ್ತು. ನಾನು ಯಾರ ಮುಂದೆಯೂ ಸುಳ್ಳು ಹೇಳದವನು ಎಂದು ಚರ್ಚಿನ ಸಭೆಯಲ್ಲಿ ಹೆಸರಿದೆ.

"ಬೆಣ್ಣೆ ಹಾಗೆ ಓಡ್ತು ಕಣೋ," ಎಂದೆ.

ಅವನ ಒಂದು ಕಣ್ಣು ಮುಚ್ಚಿತು. ಇನ್ನೊಂದು ಚಮಚ ಕುಡಿದ. ಆಮೇಲೆ ಮುಖ ಕಿವುಚಿದ.

"ಉಪ್ಪಿಲ್ಲ."

"ಉಪ್ಪು ನದೀಲಿದೆ. ಹೋಗಿ ತಗೊಂಡ್ಬಾ."

"ನೀನು ಕುಡಿದ್ಯಾ?"

"ಆಮೇಲೆ."

ಅವನು ಬಾಯಿ ಬಿಗಿಯಾಗಿ ಮುಚ್ಚಿ ಮುಖ ತಿರುಗಿಸಿದ. ಕೈಯೆತ್ತಲೂ ಆಗದವನ ಹಟ ಅದು. ನಾನು ಬಟ್ಟಲು ಎತ್ತಿ, ಅವನು ನೋಡುವಂತೆ, ಒಂದು ಗುಟುಕು ಕುಡಿದೆ. ಸಾರು ಸಪ್ಪೆಯಾಗಿತ್ತು, ಬಿಸಿಯಾಗಿತ್ತು. ಅವನು ಬಾಯಿ ತೆರೆದ.